ವಾಲು

ಕೊಕಿಂಬೊದ ಬೋಳು ಬೆಟ್ಟದ ಮೇಲೆ
ಗುಮ್ಮಟ ತೆರೆಯುವ ಮುನ್ನ ನಿಂತು ನೋಡಿದರೆ
ದೊಮಿತಿಲಾ ಹತ್ತಿ ಬರುವುದು ಕಾಣುತ್ತದೆ:
ಎಡಗೈಯಲ್ಲಿ ಆಡಿನ ಹಾಲಿನ ಚೀಸು ತುಂಬಿದ ಬುಟ್ಟಿ,
ಬಲಕ್ಕೆ ವಾಲಿದ ಮೈ.
ಬುಟ್ಟಿ ಇನ್ನೂ ಕಣ್ಣಿಗೆ ಬೀಳದಷ್ಟು ದೂರದಲ್ಲೇ
ಇವತ್ತು ಎಷ್ಟು ಕಿಲೋ ಎಂದು
ಅಡುಗೆಯ ಎಲಿಸಾರ್ದೋ ಹೇಳಿಬಿಡುತ್ತಾನೆ.
ತಪ್ಪಿದ್ದು ಕಡಿಮೆ.

ನನ್ನ ಕೆಲಸವೂ ಅಷ್ಟೇ.
ನದಿ ಎಂಬ ಹೆಸರಿನ ತಾರಾಪುಂಜದಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕಿ.
ಕೆಳಗೆ, ನಮ್ಮ ಕಣಿವೆಯ ನದಿಯಲ್ಲಿ,
ಈಗ ಕಲ್ಲು, ಮುಳ್ಳುಗಿಡ, ಯಾರೋ ಎಸೆದ ಟಯರು.
ಹತ್ತೂವರೆ ಜ್ಯೋತಿರ್ವರ್ಷ; ನಮ್ಮ ಲೆಕ್ಕದಲ್ಲಿ ನೆರೆಮನೆ,
ಉಪ್ಪು ಕಡ ಕೇಳುವಷ್ಟು ಹತ್ತಿರ.
ಅದು ಇತ್ತ ತುಸು ಬರುತ್ತದೆ, ಅತ್ತ ತುಸು ಸರಿಯುತ್ತದೆ,
ಇಳಿಜಾರಿನಲ್ಲಿ ಬ್ರೇಕು ಹಿಡಿಯದ ಸೈಕಲ್ಲಿನ ವೇಗ,
ಒಂದು ಸುತ್ತಿಗೆ ಏಳು ವರ್ಷ ಮಿಕ್ಕಿ.
ಕೈಯಲ್ಲಿ ಏನನ್ನೋ ಹಿಡಿದಿದೆ,
ಹೆಚ್ಚೂಕಡಿಮೆ ಗುರುವಿನಷ್ಟು ಭಾರದ್ದನ್ನು,
ಕತ್ತಲಲ್ಲಿ.

ಇಲ್ಲ ಎನ್ನುವವರೂ ಇದ್ದರು.
ನಕ್ಷತ್ರ ಇನ್ನೂ ಎಳೆಯದು, ಮೈತುಂಬ ಕಲೆ,
ಕಲೆ ತಿರುಗಿದರೂ ಹೀಗೇ ಕಾಣುತ್ತದಲ್ಲ ಎಂದು.
ಮೊದಲ ಏಳು ವರ್ಷ ನಾನೂ ಅವರ ಪಕ್ಷ.
ಎರಡನೆಯ ಸುತ್ತಿನಲ್ಲಿ, ನವೆಂಬರಿನ ಒಂದು ರಾತ್ರಿ,
ಹಳೆಯ ಗೆರೆಯ ಮೇಲೆ ಹೊಸ ಅಂಕಿಗಳು ಬಂದು ಕೂತವು
ಯಾರೂ ಅಟ್ಟದೆ ದೊಡ್ಡಿಗೆ ಮರಳಿದ ಆಡುಗಳ ಹಾಗೆ.
ಯಾರನ್ನೂ ಎಬ್ಬಿಸಲಿಲ್ಲ.
ಚಹಾ ಆರಿತ್ತು, ಕುಡಿದೆ.

ಮರುದಿನ ದೊಮಿತಿಲಾಗೆ ಹೇಳಿದೆ.
"ಕಣ್ಣಾರೆ ಕಂಡೆಯಾ?"
"ಇಲ್ಲ."
"ಆದರೂ ಹೆಸರಿಟ್ಟಿದ್ದೀರಿ."
"ಇಟ್ಟಿದ್ದೇವೆ."
ಅವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.
ಗಬ್ಬದ ಆಡಿನ ನಡಿಗೆ ನೋಡಿಯೇ
ಮರಿ ಒಂದೋ ಎರಡೋ ಎಂದು ಹೆಸರು ಹುಡುಕುವವಳು.
ಒಂದೇ ಒಂದು ಮಾತು ಕೇಳಿದಳು:
"ಅದಕ್ಕೆ ಭಾರ ಅನ್ನಿಸುತ್ತದಾ?"

ನನ್ನ ಬಳಿ ಅಳತೆ ಇತ್ತು,
ಉತ್ತರ ಇರಲಿಲ್ಲ.

ದುಡ್ಡೆಣಿಸಿ ಜೇಬಿಗಿಳಿಸಿ
ಖಾಲಿ ಬುಟ್ಟಿಯನ್ನು ಟೋಪಿಯ ಹಾಗೆ ತಲೆಗೆ ಕವುಚಿಕೊಂಡು
ಎರಡೂ ಕೈ ಬೀಸುತ್ತ ಇಳಿದಳು.
ತಿರುವಿನ ತನಕ ನೋಡಿದೆ.
ಬಲಕ್ಕೇ ವಾಲಿದ್ದಳು.

ಬಾಗಿಲಲ್ಲಿ ಎಲಿಸಾರ್ದೋ ಕೈ ಒರೆಸುತ್ತ ನಿಂತಿದ್ದ.
ಎಷ್ಟು ಕಿಲೋ ಇದ್ದೀತು, ಎಂದೆ.
ಗೊತ್ತಿಲ್ಲ ಅಂದ, ಮೊದಲ ಸಲ,
ಮತ್ತೆ ಒಳಗೆ ಹೋಗಿ
ಈರುಳ್ಳಿ ಹೆಚ್ಚತೊಡಗಿದ.