ನಿಂತಲ್ಲೇ ಓಡುವುದು

ಕಾಲು ಎತ್ತಿದ್ದೇನೆ, ನೋಡಿ, ಎರಡೂ ಕಾಲು.
ಆದರೂ ಪಿಕಪ್ ಕೂಗುತ್ತದೆ.
ಸಾವಿರದ ಎಂಟುನೂರರಲ್ಲಿ ನಡುಗುವ ಮುಳ್ಳು
ಎಂಟುನೂರಕ್ಕೆ ಇಳಿಯಲೊಲ್ಲದು.
ಮಲ್ಪೆ ಧಕ್ಕೆಯಲ್ಲಿ ಬಂಗುಡೆ ತುಂಬಿಸುವಾಗ
ಐಸ್ ಒಡೆಯುವ ಹುಡುಗರು ಕೇಳಿದರು:
"ಎಂತ ಮಾರಾಯ, ನಿಂತಲ್ಲೇ ಕಾರ್ಕಳಕ್ಕೆ ಹೋಗ್ತೀಯಾ?"

ಕಲ್ಮಾಡಿ ಸೇತುವೆಯ ಈಚೆ ಲಾದ್ರು ಪೊರ್ಬುಗಳ ಗ್ಯಾರೇಜು,
ಅರ್ಧ ತಗಡು, ಅರ್ಧ ಹಲಸಿನ ಮರ.
ಮೊದಲು ಕಾಲಡಿಯ ಮ್ಯಾಟ್ ಎಳೆದು ಹೊರಗೆ ಬಿಸಾಡಿದರು.
ಅದಲ್ಲ.
ಕೇಬಲ್ ಇರಬೇಕು ಅಂದೆ, ಮೀನಿನ ನೀರು, ಉಪ್ಪು ಗಾಳಿ, ತುಕ್ಕು.
ಬೆರಳಲ್ಲಿ ಎಳೆದು ಬಿಟ್ಟರು, ಟಕ್ಕನೆ ವಾಪಸು ಬಂತು.
"ಸರಿ ಉಂಟು ಇದು. ಗೊತ್ತಿದ್ದರೆ ನೀನೇ ಮಾಡು."
ಥ್ರಾಟಲ್‌ನ ಬಾಯಿ ಒರೆಸಿದರು.
ಬಟ್ಟೆಗೆ ಮಸಿ ಇಳಿಯಿತು, ಮುಳ್ಳು ಇಳಿಯಲಿಲ್ಲ.

ಆಮೇಲೆ ಮೊಳದುದ್ದದ ಸ್ಕ್ರೂಡ್ರೈವರು.
ತುದಿ ಇಂಜಿನ್ನಿನ ಮೇಲೆ, ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಮೂವತ್ತು ವರ್ಷ ಬೋಟಿನ ಇಂಜಿನ್ ರೂಮು ತಿಂದ ಕಿವಿ.
ಕಣ್ಣು ಮುಚ್ಚಿ ನಿಂತರು. ತುಂಬ ಹೊತ್ತು ನಿಂತರು.
ಮತ್ತೆ ನನ್ನ ಕಡೆ ನೋಡದೆ,
"ಸಣ್ಣ ಸ್ವರ ಈಗ ನನಗೆ ಸಿಗುದಿಲ್ಲ ಮಗಾ.
ನಾನು ಹಿಚುಕ್ತೇನೆ. ನೀನು ಕೇಳು."

ತಲೆ ಬಗ್ಗಿಸಿದೆ.
ಫ್ಯಾನು. ಬೆಲ್ಟು. ಟಪ ಟಪ ಟ್ಯಾಪೆಟ್ಟು.
ಅದೆಲ್ಲದರ ಅಡಿಯಲ್ಲಿ, ತೆಳ್ಳಗೆ, ಸ್ಸ್ಸ್,
ಲೆಕ್ಕ ತಪ್ಪಿದಾಗ ಅಪ್ಪಿಯಕ್ಕ
ಹಲ್ಲಿನ ಸಂದಿಯಲ್ಲಿ ಎಳೆಯುವ ಉಸಿರಿನ ಹಾಗೆ.
ಒಂದು ಪೈಪು ಹಿಚುಕಿದರು. ಅಲ್ಲ.
ಇನ್ನೊಂದು. ಅಲ್ಲ, ಅಲ್ಲ.
ಬ್ಯಾಟರಿಯ ಹಿಂದೆ ಕೈ ತೂರಿಸಿ
ಕಿರುಬೆರಳು ದಪ್ಪದ್ದೊಂದನ್ನು ಹಿಡಿದದ್ದೇ
ಇಡೀ ಗಾಡಿ ಉಸ್ಸೆಂದು ಕುಕ್ಕರುಗಾಲಲ್ಲಿ ಕೂತಿತು.
"ಈಗ!" ಎಂದು ಕೂಗಿದೆ.
ಅವರಿಗೆ ಕೇಳಿತೋ, ನನ್ನ ಮುಖ ನೋಡಿದರೋ.

ಹೆಗ್ಗಣದ ಹಲ್ಲು.
ಮೀನಿನ ವಾಸನೆಗೆ ಬಂದದ್ದು, ರಬ್ಬರು ತಿಂದು ಹೋಗಿದೆ.
"ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗ್ತದೆ.
ಇಂಜಿನ್ನು ಪಾಪ, ಯಾರೋ ಕಾಲಿಟ್ಟಿದ್ದಾರೆ ಅಂತ ಓಡ್ತದೆ."

ಪೈಪಿಗೆ ಅರವತ್ತು ರೂಪಾಯಿ.
ಕೆಲಸಕ್ಕೆ ಎಷ್ಟು ಅಂದರೆ ಕೈ ಒರೆಸುತ್ತಲೇ ಇದ್ದರು,
ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತ.
"ಎಂತ ಬೇಡ. ಕಿವಿಯ ಸುದ್ದಿ ಧಕ್ಕೆಯಲ್ಲಿ ಮಾತಾಡ್ಬೇಡ, ಆಯ್ತಾ?"

ಆದಿ ಉಡುಪಿ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತೆ.
ಸದ್ದೇ ಇಲ್ಲ. ಆಫ್ ಆಯಿತೆಂದು ಕೀ ತಿರುಗಿಸಿದರೆ
ಕಿರ್ರ್ರೆಂದು ಹಲ್ಲು ಕಡಿಯಿತು.
ಪಕ್ಕದಲ್ಲಿ ಅಪ್ಪಿಯಕ್ಕ, ಬುಟ್ಟಿಯನ್ನು ಕಾಲಲ್ಲಿ ಒತ್ತಿ ಹಿಡಿದು:
"ಓಡ್ತಾ ಉಂಟಲ್ಲ ಮಾರಾಯ, ನಿನಗೆ ಕಿವಿ ಕೇಳುದಿಲ್ಲವಾ?"

ಒಂದು ಕಡೆಯದ್ದು ಸ್ವಲ್ಪ ಕಮ್ಮಿ ಅಕ್ಕಾ, ಎಂದೆ.