ಮೀನಿನ ಪಕ್ಕದಲ್ಲಿ ನೂರಾ ಹದಿನೇಳು

ಜನವರಿ. ನಾರ್ವೆಯ ಈ ತುದಿಯಲ್ಲಿ ಸೂರ್ಯ ರಜೆಯಲ್ಲಿದ್ದಾನೆ,
ಕೆಲಸಕ್ಕೆ ಹಾಜರಾಗುವುದು ಇಪ್ಪತ್ತೊಂದಕ್ಕೆ.
ಸೋಮವಾರ ಬೀಗ ತೆಗೆದರೆ ಕಾಲಿಗೆ ನೀರು.
ಹೆಪ್ಪುಗಟ್ಟಿದ ಪೈಪು ಶನಿವಾರ ಯಾವಾಗಲೋ ಬಾಯಿಬಿಟ್ಟು
ಕೆಳಗಿನ ಎರಡು ಸಾಲು ಕುಡಿದು ಕೂತಿವೆ,
ಹಲ್ಲುನೋವಿನ ಕೆನ್ನೆಯ ಹಾಗೆ ಉಬ್ಬಿ.

ನಮ್ಮ ಶಾಲೆಗೆ ಟೀಚರು ಒಂಬತ್ತು. ಲೈಬ್ರರಿಗೆ ನಾನೊಬ್ಬಳೇ,
ಅದೂ ಅರ್ಧ ಹೊತ್ತು; ಉಳಿದರ್ಧ ಮಕ್ಕಳಿಗೆ ಬ್ರೆಡ್ಡು ಕೊಯ್ಯುತ್ತೇನೆ.
ಹೆಡ್‌ಮಾಸ್ಟರ್ ಟೋರ್ಗೈರ್ ಬಾಗಿಲಲ್ಲೇ ನಿಂತು
"ಬಿಸಾಕೋಣ, ಸೋಲ್‌ಫ್ರಿದ್" ಎಂದ,
ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ.
ಅವನದೇನೂ ತಪ್ಪಿಲ್ಲ. ಕೇಳುವುದಾದರೂ ಯಾರನ್ನು?
ಈ ಕೆಲಸದ ಇನ್ನೊಬ್ಬಳು ಇರುವುದು ಮೂರು ಗಂಟೆ ದೂರ,
ಘಾಟಿ ರಸ್ತೆ ಹಿಮಕ್ಕೆ ಮುಚ್ಚಿದೆ.

ಒದ್ದೆ ಕಾಲುಚೀಲದಲ್ಲೇ ಕೂತು ಫೋನಿನಲ್ಲಿ ಬರೆದೆ,
ಶಾಲಾ ಲೈಬ್ರರಿಯವರೇ ಇರುವ ಆ ಗುಂಪಿಗೆ.
ನಾಲ್ಕು ವರ್ಷ ಅಲ್ಲಿ ಬಾಗಿಲ ಮರೆಯಲ್ಲಿ ನಿಂತವಳು ನಾನು,
ಓದಿದ್ದೇ ಓದಿದ್ದು, ಒಂದು ಮಾತು ಆಡಿರಲಿಲ್ಲ.
ನನ್ನ ಇಂಗ್ಲಿಷು ಎರವಲು ತಂದ ಕೋಟು, ತೋಳು ಗಿಡ್ಡ.
ಚಿತ್ರ ಒಂದು. ಸಾಲು ಒಂದು: ಇವು ಬದುಕುತ್ತವೆಯೇ?

ಮೊದಲು ಯಾರೋ ಅಳುವ ಮುಖ ಒತ್ತಿ ಹೋದರು.
ಆಮೇಲೆ ಚಿಲಿಯಿಂದ, ಅಲ್ಲಿನ್ನೂ ಬೆಳಗಾಗಿಲ್ಲ,
ರೊಸಾವುರಾ ಎನ್ನುವವಳು:
ಫ್ರೀಜರ್. ಈಗಲೇ. ನಾಡಿದ್ದು ಅಂದರೆ ಬೂಷ್ಟು.
ನಗು ಬಂತು. ಒಲೆ ಹಚ್ಚಿ ಕಾಯಿಸು ಅಂತಾರೆಂದು ಕಾದವಳಿಗೆ
ಇನ್ನಷ್ಟು ಚಳಿಯೇ ಮದ್ದಂತೆ!
ಸ್ಕಾಟ್ಲೆಂಡಿನ ಮೊರಾಗ್: ಮೇಣದ ಕಾಗದ ಸುತ್ತು. ಬೆನ್ನು ಕೆಳಗೆ.
ಕೀನ್ಯಾದ ಅಕಿನ್ಯಿ: ನುಣುಪು ಹಾಳೆಯವು ಮೊದಲು, ತಂಗಿ,
ಮುಚ್ಚಿಕೊಂಡೇ ಒಣಗಿದರೆ ಇಟ್ಟಿಗೆ.
ನನ್ನಲ್ಲೊಂದಿದೆ, ಬಾಗಿಲಿಗೆ ಒತ್ತು ಕೊಟ್ಟಿದ್ದೇನೆ.
ಅವಳು ಕಳಿಸಿದ ಚಿತ್ರದಲ್ಲಿ ನಿಜಕ್ಕೂ ಇಟ್ಟಿಗೆ,
ಅಂಚಿನಲ್ಲಿ ಜಿರಾಫೆಯ ಒಂದು ಕಿವಿ.

ಊರಲ್ಲಿ ಅಂಥ ಫ್ರೀಜರ್ ಇರುವುದು ಒಂದೇ ಕಡೆ.
ಮೀನು ಕಾರ್ಖಾನೆಯ ಆಸ್ಲಾಕ್
ಇಪ್ಪತ್ತು ವರ್ಷದ ಹಿಂದೆ ಒಯ್ದ ಪುಸ್ತಕ ಇನ್ನೂ ಕೊಟ್ಟಿಲ್ಲ.
ಏನೂ ಕೇಳಲಿಲ್ಲ. ಫೋರ್ಕ್‌ಲಿಫ್ಟ್ ತಂದ.
ನೂರಾ ಹದಿನೇಳು. ಕಾಡ್ ಮೀನಿನ ಪಕ್ಕ,
ಅದೇ ನೀಲಿ ಡಬ್ಬ, ಅದೇ ಚೀಟಿ.
ತೂಕ ಎಂದಿದ್ದ ಜಾಗದಲ್ಲಿ ತೂಗಿಯೇ ಬರೆದ.

ಮಾರ್ಚ್‌ವರೆಗೆ ದಿನಕ್ಕೆ ಮೂರೋ ನಾಲ್ಕೋ ಇಳಿಸಿ
ಬ್ರೆಡ್ಡಿನ ಮೇಜಿನ ಮೇಲೆ ಹಾಳೆ ಬಿಡಿಸಿದೆ,
ಹಸುಗೂಸಿನ ಮುಷ್ಟಿ ಬಿಡಿಸಿದಂತೆ.
ಅಟ್ಲಾಸಿಗೆ ಮಾತ್ರ ತಡವಾಗಿತ್ತು.
ಆಫ್ರಿಕಾ ಏಷ್ಯಾಕ್ಕೆ ಅಂಟಿ, ನಡುವಿನ ಸಮುದ್ರ
ಸಿಪ್ಪೆಯ ಹಾಗೆ ಎದ್ದು ಬಂತು.
ಎರಡನೇ ಕ್ಲಾಸಿನ ಐಲಿಫ್ ಒಂದನ್ನೆತ್ತಿ ಮೂಸಿದ:
ಅಜ್ಜನ ಜಾಕೆಟ್ಟು! ನಂಗೆ ಇದೇ ಬೇಕು.

ನಿನ್ನೆ ರಾತ್ರಿ ಗುಂಪಿಗೆ ಯಾರೋ ಹೊಸಬಳು,
ಫಿಲಿಪೈನ್ಸ್‌ನ ಯಾವುದೋ ದ್ವೀಪ, ಚಂಡಮಾರುತದ ಮರುದಿನ.
ಚಿತ್ರ ಒಂದು. ಸಾಲು ಒಂದು.
ಕೋಟಿನ ತೋಳು ಎಳೆದುಕೊಂಡು ಕೂತೆ.
ಫ್ರೀಜರ್, ಈಗಲೇ, ಎಂದು ಬರೆದೆ. ಅಳಿಸಿದೆ.
ಅವಳ ಚಿತ್ರದಲ್ಲಿ ಕರೆಂಟಿನ ಕಂಬ ಮಲಗಿತ್ತು.
ಮತ್ತೆ ಬರೆದೆ: ಎಷ್ಟು ಪುಸ್ತಕ?
ಹತ್ತಿರದಲ್ಲಿ ಮೀನಿಗೆ ಐಸು ಒಡೆಯುವವರು ಯಾರಾದರೂ ಇದ್ದಾರಾ?