ಹಿಮ್ಮಡಿಯ ಮಣ್ಣು

ಮಂಗಳವಾರ, ಗುರುವಾರ, ಹತ್ತರಿಂದ ಹನ್ನೆರಡು.
ಶೆಫೀಲ್ಡಿನ ಗುಡ್ಡದೋರೆಯಲ್ಲಿ ನಲವತ್ತೊಂದನೇ ತುಂಡುನೆಲ.
ಶಾಲೆಯೆಂದರೆ ತಗಡಿನ ಗೂಡು,
ಕರಿಹಲಗೆಯೆಂದರೆ ಮಗುಚಿಟ್ಟ ಕೈಗಾಡಿಯ ಬೆನ್ನು.
ಮೇಷ್ಟ್ರು ಕ್ಲಿಫರ್ಡ್ ಬೂತ್‌ರಾಯ್ಡ್, ಎಪ್ಪತ್ತೊಂಬತ್ತು,
ಉಕ್ಕಿನ ಕಾರ್ಖಾನೆಗೆ ಎಡಗಿವಿ ಕೊಟ್ಟು ಬಂದವರು.
ಬಲಗಡೆ ನಿಂತೇ ಮಾತಾಡಬೇಕು.

ಮೊದಲ ದಿನ, ಬೆಡ್ ಅಂದರು.
ನನಗೆ ಗೊತ್ತಿದ್ದ ಬೆಡ್ಡು ಹಾಸ್ಟೆಲಿನ ಕಬ್ಬಿಣದ್ದು,
ಕೆಳಗಿನದು ನನ್ನದು, ಮೇಲಿನದು ಸೆನಾಯ್ತಳದು.
ಇಲ್ಲಿ ಬೆಡ್ಡಿನಲ್ಲಿ ಮಲಗುವುದು ಬೀಟ್‌ರೂಟು.
ಅದಕ್ಕೆ ಒಣಹುಲ್ಲಿನ ಹೊದಿಕೆ,
ನಡುರಾತ್ರಿ ಹೆಸರು ಕೂಗಿ
ಯಾರೂ ಎಬ್ಬಿಸುವುದಿಲ್ಲ.

ಬೋಲ್ಟ್ ಅಂದರೆ ಚಿಲಕ. ಅದು ಗೊತ್ತಿತ್ತು.
ಲೆಟಿಸ್ ಬೋಲ್ಟ್ ಆಯ್ತು ಅಂದರೆ?
ಸೆಕೆಗೆ ಬೆದರಿ, ಎಲೆ ಕಟ್ಟುವ ಕೆಲಸ ಅರ್ಧಕ್ಕೆ ಬಿಟ್ಟು
ಒಂದೇ ಉಸಿರಿಗೆ ಕಾಂಡ ಚಾಚಿ ಬೀಜದ ಕಡೆ ಓಡುವುದಂತೆ.
ಆಮೇಲೆ ಕಹಿ, ತಿನ್ನಲಾಗದು, ಎಂದರು.
ಹತ್ತೊಂಬತ್ತಕ್ಕೆ ಗಡಿ ದಾಟಿದವಳು ನಾನು,
ನೋಟ್‌ಬುಕ್ಕಿನಲ್ಲಿ ಬರಕೊಂಡೆ:
ಒಂದು, ಚಿಲಕ ಹಾಕು.
ಎರಡು, ಚಿಲಕ ಕಿತ್ತು ಓಡು.

ನುಡಿಗಟ್ಟು ಗುರುವಾರಕ್ಕೆ.
ಪೊದೆಯ ಸುತ್ತ ಬಡಿಯಬೇಡ, ನೆಟ್ಟಗೆ ಹೇಳು.
ಗುದ್ದಲಿಯನ್ನು ಗುದ್ದಲಿ ಅನ್ನು.
ತೋಟದ ದಾರಿ ಹಿಡಿಸಿದರು ಅಂದರೆ ಮೋಸ ಮಾಡಿದರು.
ಅದು ಹೇಗೆ? ಎಂದೆ. ತೋಟದ ದಾರಿ ಹಿಡಿದೇ ಬಂದೆನಲ್ಲ,
ತುದಿಯಲ್ಲಿ ನೀವಿದ್ದಿರಿ, ಫ್ಲಾಸ್ಕಿನಲ್ಲಿ ಚಹಾ ಇತ್ತು.
ಅವರು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು.

ಹಸಿರು ಬೆರಳಿನವಳು ನೀನು, ಎಂದರೊಮ್ಮೆ.
ನೋಡಿಕೊಂಡೆ. ಕಪ್ಪು ಬೆರಳು,
ಉಗುರೊಳಗೆ ಇನ್ನೂ ಕಪ್ಪು.
ನನ್ನ ಹೆಸರು ಲೆಮ್ಲೆಮ್. ನಮ್ಮ ಮಾತಿನಲ್ಲಿ ಅದು
ನಳನಳಿಸುವ ಹಸಿರು. ಹೇಳಲಿಲ್ಲ.
ಒಂದು ಪದವನ್ನಾದರೂ ಅವರೇ ಕೇಳಿ ಕಲಿಯಲಿ.

ಕಳೆ ಕೀಳುತ್ತ ಕಳೆಯಿತು ಬೇಸಿಗೆ.
ಅವರೆಯ ಸಾಲಿನಲ್ಲಿ ಯಾರೂ ನೆಡದ ಆಲೂಗಿಡವೊಂದು ಎದ್ದಿತ್ತು,
ಹೋದ ವರ್ಷದ ಮರೆತ ಗೆಡ್ಡೆ.
ಕೀಳಲು ಕೈ ಹಾಕಿದೆ. ಬಿಡು, ಅದು ವಾಲಂಟಿಯರ್ ಎಂದರು,
ತಮ್ಮ ಎದೆಯ ಮೇಲಿನ ಬಿಲ್ಲೆ ತೋರಿಸಿ,
ನಾನೂ ಅದೇ.

ನವೆಂಬರಿಗೆ ಸೇಬಿನ ಸಸಿ ಬಂತು,
ಬೇರಿಗೆ ಮಣ್ಣಿಲ್ಲ, ಗೋಣಿಯ ಸುತ್ತು ಮಾತ್ರ.
ಎಲ್ಲಿ ನೆಡುವುದೋ ಕಮಿಟಿಯಲ್ಲಿನ್ನೂ ತೀರ್ಮಾನವಾಗಿಲ್ಲ.
ಅವರು ಮೂಲೆಯಲ್ಲಿ ಓರೆಯಾಗಿ ಸಾಲು ತೋಡಿ,
ಸಸಿಯನ್ನು ಒರಗಿಸಿ, ಬೇರು ಮುಚ್ಚಿ,
ಬೂಟಿನ ಹಿಮ್ಮಡಿಯಿಂದ ಒತ್ತಿದರು.
ಹೀಲಿಂಗ್ ಇನ್, ಎಂದರು.
ಎಷ್ಟು ದಿನ ಹೀಗೆ?
ಜಾಗ ಸಿಗುವ ತನಕ.
ಬೆಳೆಯುತ್ತಾ?
ಬೆಳೆಯೋದು ಬೇಡ. ಬೇರು ಒಣಗದಿದ್ದರೆ ಸಾಕು.

ಬರಕೋ, ಎಂದರು. ಬರೆಯಲಿಲ್ಲ.
ಬ್ಯಾಗಿನಲ್ಲಿ ಹೋಮ್ ಆಫೀಸಿನ ಕಾಗದವಿತ್ತು,
ಹದಿನೇಳು ತಿಂಗಳಲ್ಲಿ ಮೂರನೆಯದು,
ಮೂರರಲ್ಲೂ ಇದ್ದದ್ದು ಒಂದೇ ಮಾತು, ಕಾಯಿರಿ.
ನನ್ನ ಹಿಮ್ಮಡಿಯನ್ನೂ ಒಮ್ಮೆ ಅಲ್ಲೇ ಒತ್ತಿದೆ,
ಅವರ ಗುರುತಿನ ಪಕ್ಕಕ್ಕೆ.

ಫೆಬ್ರವರಿಯಲ್ಲಿ ಕಮಿಟಿ ಜಾಗ ಗೊತ್ತುಮಾಡಿತು.
ಕೀಳಲು ಹೋದರೆ ಸಸಿ ಜಗ್ಗದು,
ಓರೆಯಲ್ಲೇ ಬೇರು ಬಿಟ್ಟು,
ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು.
ಕ್ಲಿಫರ್ಡ್ ಬೈದರು. ಯಾರನ್ನೋ ತಿಳಿಯಲಿಲ್ಲ,
ಆ ಪದಗಳನ್ನು ಅವರು ಕಲಿಸಿರಲಿಲ್ಲ.
ಮಂಡಿಯೂರಿ ಮೊಗ್ಗನ್ನೇ ನೋಡುತ್ತ ಕೇಳಿದರು,
ಈ ಬಣ್ಣಕ್ಕೆ ನಿಮ್ಮಲ್ಲಿ ಏನಂತಾರೆ?

ಲೆಮ್ಲೆಮ್.

ಅದು ನಿನ್ನ ಹೆಸರಲ್ವಾ, ಎನ್ನುತ್ತ
ಬಾಯೊಳಗೆ ಹೊರಳಿಸಿ ಹೊರಳಿಸಿ ಅಂದರು,
ತಪ್ಪಾಗಿ.
ಇನ್ನೊಮ್ಮೆ, ಎಂದೆ ನಾನು,
ಬಲಗಡೆ ಬಂದು ನಿಂತು.